ಮಳೆಗಾಲದ ಕಾಸ್ಟಿಕ್ ಸೋಡಾ, ಇಪ್ಪತ್ತೈದು ಪರಮಾಣುಗಳ ಚಿನ್ನ

ಜುಲೈ, ಚಿಕ್ಕಮಗಳೂರು. ಮೂರು ದಿನದಿಂದ ಹಿಡಿದ ಮಳೆ. ಕಾಲೇಜು ಲ್ಯಾಬಿನ ಗೋಡೆಯೂ ಬೆವರುತ್ತಿತ್ತು. ಅಂದಿನ ಕೆಲಸ, ಪ್ರೋಟೀನಿನೊಳಗೆ ಚಿನ್ನದ ಪುಟ್ಟ ಗೊಂಚಲು, ಅಂದರೆ ಸುಮಾರು 25 ಪರಮಾಣುಗಳ ಕ್ಲಸ್ಟರ್ ಬೆಳೆಸುವುದು.

ವಿಧಾನ 2009ರದು, ಸರಳ. ಗಾಜಿನ ಪಾತ್ರೆಗಳನ್ನು ಮೊದಲು ಅಕ್ವಾ ರೀಜಿಯಾದಲ್ಲಿ (ಹೈಡ್ರೋಕ್ಲೋರಿಕ್ 3 ಪಾಲು, ನೈಟ್ರಿಕ್ 1 ಪಾಲು) ತೊಳೆಯಬೇಕು. ಹಳೆಯ ಚಿನ್ನದ ಕಣ ಉಳಿದರೆ ಹೊಸ ಚಿನ್ನ ಅದಕ್ಕೇ ಅಂಟಿ ದಪ್ಪವಾಗುತ್ತದೆ. ಸುಮಾರು 20 ಮಿ.ಗ್ರಾಂ ಕ್ಲೋರೋಆರಿಕ್ ಆಮ್ಲ (ಚಿನ್ನ ಒದಗಿಸುವ ಲವಣ) 5 ಮಿ.ಲೀ. ನೀರಿಗೆ. ತೂಗಲು ಪ್ಲಾಸ್ಟಿಕ್ ಚಮಚ, ಸ್ಟೀಲಿನದು ಬೇಡ, ಕಪ್ಪಾಗುತ್ತದೆ. 250 ಮಿ.ಗ್ರಾಂ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಪ್ರೋಟೀನ್ ಇನ್ನೊಂದು 5 ಮಿ.ಲೀ.ಗೆ, ಕುಲುಕಿದರೆ ನೊರೆ, ತಾನೇ ಕರಗಲು ಬಿಡಿ. 37 ಡಿಗ್ರಿಯಲ್ಲಿ ಎರಡನ್ನೂ ಸೇರಿಸಿ, 2 ನಿಮಿಷದ ನಂತರ 1 ಮೋಲಾರ್ ಕಾಸ್ಟಿಕ್ ಸೋಡಾ ಅರ್ಧ ಮಿ.ಲೀ. ಹಾಕಿ 12 ಗಂಟೆ ಇಡಬೇಕು.

ಬೆಳಿಗ್ಗೆ ನೋಡಿದರೆ ದ್ರಾವಣ ಹಳದಿಯಾಗಿಯೇ ಇತ್ತು. 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್ ಬಿಟ್ಟರೂ ಗೊಂಚಲು ಹೊಮ್ಮಿಸಬೇಕಿದ್ದ ಕೆಂಪಿಲ್ಲ, ಮಸುಕು ನೀಲಿ ಅಷ್ಟೇ. ಪಿಎಚ್ ಕಾಗದ 10ರ ಆಸುಪಾಸು ತೋರಿಸಿತು, ಬೇಕಿದ್ದದ್ದು 12. ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲ ಚಿನ್ನದ ಅಯಾನನ್ನು ಅಪಕರ್ಷಿಸುವುದು (ಎಲೆಕ್ಟ್ರಾನ್ ಕೊಟ್ಟು ಚಿನ್ನವಾಗಿಸುವುದು) ಪಿಎಚ್ 10 ದಾಟಿದ ಮೇಲೇ ಚುರುಕು. ಲವಣದ ಆಮ್ಲೀಯತೆ, ಪ್ರೋಟೀನಿನ ಅಮೈನೋ ಗುಂಪುಗಳು, ಎರಡೂ ಕ್ಷಾರವನ್ನು ನುಂಗುತ್ತವೆ. ಸ್ವಲ್ಪ ಕಡಿಮೆಯಾದರೂ ಪಿಎಚ್ ಜಾರುತ್ತದೆ.

ತಪ್ಪು ಕಾಸ್ಟಿಕ್ ಸೋಡಾದ ಬಾಟಲಿಯಲ್ಲಿತ್ತು. ಬಿಲ್ಲೆಗಳು ಗಾಳಿಯ ತೇವ ಕುಡಿದು ಒಂದಕ್ಕೊಂದು ಅಂಟಿದ್ದವು. 4 ಗ್ರಾಂ ತೂಗಿ 100 ಮಿ.ಲೀ. ಮಾಡಿದ್ದು 1 ಮೋಲಾರ್ ಎಂದು ಲೇಬಲ್ ಹೇಳಿತು, ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ (ಗೊತ್ತಿರುವ ಆಮ್ಲದಿಂದ ಕ್ಷಾರದ ಸಾಂದ್ರತೆ ಅಳೆಯುವುದು) 0.7 ಎಂದಿತು. ಹೊಸ ಬಾಟಲಿ ತೆರೆದು, ಬೇಗ ತೂಗಿ, ಟೈಟ್ರೇಟ್ ಮಾಡಿ ಸರಿಪಡಿಸಿದ ಮೇಲೆ ಮತ್ತೆ ಆರಂಭ.

ಮರುದಿನ ಕಡು ಕಂದು. ಟಾರ್ಚಿನಡಿ ಒಲೆಯ ಕೆಂಡದಂಥ ಕೆಂಪು, 640 ನ್ಯಾನೋಮೀಟರಿನ ಸುತ್ತ. ಹದಿನೈದು ನ್ಯಾನೋಮೀಟರಿನ ಚಿನ್ನದ ಕಣವಾಗಿದ್ದರೆ ದ್ರಾವಣ ದ್ರಾಕ್ಷಾರಸದ ಬಣ್ಣ ಪಡೆಯುತ್ತಿತ್ತು: ಅಲ್ಲಿ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡಿ 520 ನ್ಯಾನೋಮೀಟರಿನ ಬೆಳಕನ್ನು ಹೀರುತ್ತವೆ. 25 ಪರಮಾಣುಗಳಲ್ಲಿ ಆ ತೂಗಾಟಕ್ಕೆ ಜಾಗವಿಲ್ಲ. ಶಕ್ತಿಮಟ್ಟಗಳು ಮೆಟ್ಟಿಲುಗಳಂತೆ ಬೇರೆಬೇರೆ, ವಸ್ತು ಲೋಹಕ್ಕಿಂತ ಅಣುವಿಗೆ ಹತ್ತಿರ. (1984ರಲ್ಲಿ ಸೋಡಿಯಂ ಆವಿಯಲ್ಲಿ 8, 20, 40 ಪರಮಾಣುಗಳ ಗೊಂಚಲುಗಳೇ ಹೆಚ್ಚಾಗಿ ಕಂಡದ್ದೂ ಎಲೆಕ್ಟ್ರಾನ್ ಕವಚಗಳ ಲೆಕ್ಕದಿಂದಲೇ.)

ವೈನ್ ಬಣ್ಣ ಇಣುಕಿದರೆ ಆ ಬ್ಯಾಚ್ ಚೆಲ್ಲಿ. ಸರಿಯಾದದ್ದನ್ನು ಡಯಾಲಿಸಿಸ್ ಮಾಡಿ (ಸಣ್ಣ ರಂಧ್ರಗಳ ಪೊರೆಯ ಮೂಲಕ ಉಳಿದ ಲವಣ ತೆಗೆದು) 4 ಡಿಗ್ರಿಯಲ್ಲಿ ಇಡಬಹುದು. ಕಾಸ್ಟಿಕ್ ಬಾಟಲಿಯ ಮೇಲೆ ಈಗ ತೆರೆದ ದಿನಾಂಕ ಬರೆಯುತ್ತೇವೆ.