‘ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳೋದು ಹೇಗೆ?’

ನನ್ನ ಕೆಲಸ ರೋಗನಿರೋಧಕ ಕೋಶಗಳ ಮೇಲೆ ಅಂತ ಗೊತ್ತಾದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ. ಲಸಿಕೆ ಹಾಕಿಸಿಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ. ಉತ್ತರ ಮುಗಿಯಿತು. ನನಗೆ ಸಿಟ್ಟು ಬರುವುದು ಆ ‘ಜಾಸ್ತಿ’ ಎಂಬ ಮಾತಿಗೆ.

ಒಮ್ಮೆ ರೈಲಿನಲ್ಲಿ ಎದುರು ಕೂತಿದ್ದ ಹಿರಿಯರೂ ಕೇಳಿದರು. ಅವರ ಕಾಲಿನ ಹೆಬ್ಬೆರಳು ಕೆಂಪಗೆ ಊದಿತ್ತು. ಗೌಟ್. ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ ಅಂದರು. ‘ಸರ್, ನಿಮ್ಮ ಬೆರಳಲ್ಲಿ ಜಾಸ್ತಿಯಾಗಿರೋದೇ ಇಮ್ಯುನಿಟಿ’ ಅಂದೆ. ಅವರು ನಂಬಲಿಲ್ಲ.

ಆ ಬೆರಳಿನ ನೋವಿಗೆ ರೋಗಾಣು ಕಾರಣವಲ್ಲ. ಕಾರಣ ಯೂರಿಕ್ ಆಸಿಡ್‌ನ ಸೂಜಿಯಂಥ ಹರಳುಗಳು. ಅವನ್ನು ನುಂಗಿದ ಬಿಳಿ ರಕ್ತಕಣದೊಳಗೆ ಬಿಡಿಬಿಡಿಯಾಗಿದ್ದ ಪ್ರೋಟೀನುಗಳು ಕೂಡಿಕೊಂಡು ಒಂದು ಯಂತ್ರವಾಗುತ್ತವೆ. ಅದೇ ಇನ್‌ಫ್ಲಮಸೋಮ್. 2002ರಲ್ಲಿ ವಿಜ್ಞಾನಿ ಯೂರ್ಗ್ ಚೋಪ್ ಅವರ ತಂಡ ಕೊಟ್ಟ ಹೆಸರು. ಗೌಟ್ ಹರಳಿಗೂ ಇದಕ್ಕೂ ಇರುವ ನಂಟನ್ನು 2006ರಲ್ಲಿ ತೋರಿಸಿದ್ದೂ ಅವರದೇ ತಂಡ. ಈ ಯಂತ್ರ ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಕಿಣ್ವ, ಉರಿಯೂತದ ಸಂದೇಶ ಹೊತ್ತೊಯ್ಯುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನನ್ನು ಕತ್ತರಿಸಿ ಕೆಲಸಕ್ಕೆ ಹಚ್ಚುತ್ತದೆ. ಗ್ಯಾಸ್ಡರ್ಮಿನ್-ಡಿ ಎಂಬ ಇನ್ನೊಂದು ಪ್ರೋಟೀನನ್ನೂ ಕತ್ತರಿಸುತ್ತದೆ. ಅದರ ತುಂಡುಗಳು ಕೋಶದ ಪೊರೆಗೆ ತೂತು ಕೊರೆಯುತ್ತವೆ. ಎಷ್ಟೋ ಸಲ ಕೋಶವೇ ಒಡೆದುಹೋಗುತ್ತದೆ. ರೋಗಾಣು ಹೊಕ್ಕಾಗ ನಮ್ಮನ್ನು ಕಾಯುವುದೂ ಇದೇ ಏರ್ಪಾಡು. ಹರಳಿನ ಮೇಲೆ ತಿರುಗಿದರೆ ಮಾತ್ರ ಬರೀ ಉರಿ, ಊತ. ಉರಿಯೂತ ಅನ್ನೋ ಪದದಲ್ಲೇ ಎರಡೂ ಇವೆ ಅಲ್ವಾ?

ಇಷ್ಟು ಹೇಳಿದ ಮೇಲೆ ಆ ಹಿರಿಯರು, ‘ಹಾಗಾದ್ರೆ ಕಡಿಮೆ ಮಾಡಿಕೊಳ್ಳೋದು ಹೇಗೆ?’ ಅಂದರು.

ಅದೂ ಅಲ್ಲ! ಕೆನಾಕಿನ್ಯುಮ್ಯಾಬ್ ಎಂಬ ಔಷಧ ಇಂಟರ್‌ಲ್ಯೂಕಿನ್-1 ಬೀಟಾವನ್ನು ಹಿಡಿದುಹಾಕುತ್ತದೆ. ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ ಅದನ್ನು ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2017ರಲ್ಲಿ. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ. 15ರಷ್ಟು ಕಡಿಮೆಯಾಗಿದ್ದವು. ಆದರೆ ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರು ಜಾಸ್ತಿ. ಕಾವಲುಗಾರನ ಕೈ ಕಟ್ಟಿದರೆ ಹಾಗೆಯೇ.

‘ಯಾರಲ್ಲಿ ಆ ಕೈ ಕಟ್ಟಬೇಕು?’ ಅಂತ ಕೇಳಿ. ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ. ಎನ್‌ಎಲ್‌ಆರ್‌ಪಿ3 ಎಂಬ ಜೀನ್‌ನಲ್ಲಿ ದೋಷ ಹೊತ್ತು ಹುಟ್ಟುವ ಮಕ್ಕಳಿದ್ದಾರೆ. ಅವರಲ್ಲಿ ಇನ್‌ಫ್ಲಮಸೋಮ್ ಯಂತ್ರ ಕಾರಣವಿಲ್ಲದೆ ಚಾಲೂ ಆಗುತ್ತದೆ. ಕೆಲವರಿಗೆ ಸುಮ್ನೆ ತಣ್ಣನೆ ಗಾಳಿ ಸೋಕಿದರೂ ಜ್ವರ, ಮೈಮೇಲೆ ದದ್ದು, ಕೀಲುನೋವು. ಅಂಥವರಿಗೆ ಇದೇ ಔಷಧ ಕೊಟ್ಟರೆ ಎಷ್ಟೋ ಸಲ ಕೆಲವೇ ದಿನಗಳಲ್ಲಿ ಜ್ವರ ಇಳಿದು ದದ್ದು ಮಾಯವಾಗುತ್ತದೆ.