ಬಿಸಿ ತಗಡನ್ನು ನಿಲ್ಲಿಸಬೇಕೋ, ಮಲಗಿಸಬೇಕೋ?

ತಗಡು ಬೇಗ ತಣಿಯಬೇಕಾದರೆ ಅದನ್ನು ಹೇಗಿಡಬೇಕು ಎಂಬ ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಗಾಳಿಯ ವೇಗ ಎಷ್ಟೆಂದು ಕೇಳಬೇಕು.

20 ಸೆಂ.ಮೀ. ಚೌಕದ ತಗಡು, ಅದರ ಮೈ 60 ಡಿಗ್ರಿ, ಸುತ್ತಲ ಗಾಳಿ 30 ಡಿಗ್ರಿ ಎಂದಿಟ್ಟುಕೊಳ್ಳಿ. ಗಾಳಿ ನಿಂತಿದ್ದರೆ ಬಿಸಿ ಮುಖ ಮೇಲಿದ್ದಾಗ ಉಷ್ಣ ವರ್ಗಾವಣೆ ಗುಣಾಂಕ (ಮೈಯಿಂದ ಗಾಳಿಗೆ ಶಾಖ ಎಷ್ಟು ಸಲೀಸಾಗಿ ಹೋಗುತ್ತದೆ ಎಂಬ ಅಳತೆ) ಚದರ ಮೀಟರಿಗೆ, ಡಿಗ್ರಿಗೆ ಸುಮಾರು 6.7 ವಾಟ್. ನೆಟ್ಟಗಿದ್ದರೆ 5.2. ಮುಖ ಕೆಳಗಾದರೆ 3.4ರ ಆಸುಪಾಸು, ಯಾಕೆಂದರೆ ಅಲ್ಲಿ ಬಿಸಿಗಾಳಿಗೆ ಮೇಲೇರಲು ದಾರಿಯಿಲ್ಲ. ತಗಡಿನ ಅಡಿಗೆ ಅಂಟಿಕೊಂಡೇ ಅಂಚಿನವರೆಗೆ ತೆವಳಬೇಕು.

ಈಗ ಫ್ಯಾನ್ ಹಾಕಿ. ಬಿಸಿಗಾಳಿ ತಾನಾಗಿ ಏರುವ ಬಲವನ್ನು ಹೇಳುವ ಗ್ರಾಶೋಫ್ ಸಂಖ್ಯೆಯನ್ನು, ಗಾಳಿಯ ಓಟದ ರಭಸವನ್ನು ಹೇಳುವ ರೆನಾಲ್ಡ್ಸ್ ಸಂಖ್ಯೆಯ ವರ್ಗದಿಂದ ಭಾಗಿಸಿದರೆ, ಇವೆರಡರಲ್ಲಿ ಯಾವುದರ ಕೈ ಮೇಲೆಂದು ತಿಳಿಸುವ ರಿಚರ್ಡ್‌ಸನ್ ಸಂಖ್ಯೆ ಸಿಗುತ್ತದೆ. ಸೆಕೆಂಡಿಗೆ 2 ಮೀಟರ್ ಗಾಳಿಗೆ ಅದು 0.05ರಷ್ಟು. 0.1ಕ್ಕಿಂತ ಕೆಳಗಿದ್ದರೆ ಮೇಲ್ಮುಖ, ಕೆಳಮುಖ ಎಂಬ ಚರ್ಚೆಯನ್ನು ಕೈಬಿಡಬಹುದು: ಗುಣಾಂಕ ಎರಡರಲ್ಲೂ 12ರ ಹತ್ತಿರ. ವೇಗ 0.3 ಮೀಟರಿಗೆ ಇಳಿದರೆ ಮಾತ್ರ ಸಂಖ್ಯೆ 2ಕ್ಕೆ ಏರಿ, ಗುರುತ್ವ ಮತ್ತೆ ಆಟಕ್ಕೆ ಬರುತ್ತದೆ. ನೆಟ್ಟಗಿರುವ ತಗಡಿಗೆ ಆಗ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಊದಬೇಕು. ಮೇಲಿನಿಂದ ಊದಿದರೆ ಏರುವ ಬಿಸಿಗಾಳಿಗೂ ಫ್ಯಾನಿಗೂ ಜಗಳ. ಮೈ ಹತ್ತಿರದ ಗಾಳಿ ನಿಂತೇ ಹೋಗಬಹುದು.

ಜೋರು ಗಾಳಿಯಲ್ಲಿ ನೋಡಬೇಕಾದ ದಿಕ್ಕೇ ಬೇರೆ. 10×40 ಸೆಂ.ಮೀ. ತಗಡಿನ ಉದ್ದದ ಅಂಚು ಗಾಳಿಗೆ ಎದುರಾದರೆ, ಗಾಳಿ ಮೈಮೇಲೆ 10 ಸೆಂ.ಮೀ. ಮಾತ್ರ ಹರಿಯುತ್ತದೆ. ಮೈಗೆ ತಾಗಿ ನಿಧಾನವಾಗಿ ಹರಿಯುವ ಗಾಳಿಯ ತೆಳುಪದರ, ಅಂದರೆ ಗಡಿಪದರ, ದಪ್ಪವಾಗುವುದರೊಳಗೆ ತಗಡೇ ಮುಗಿದಿರುತ್ತದೆ. ಅದೇ 2 ಮೀಟರ್ ವೇಗದಲ್ಲಿ ಸರಾಸರಿ ಗುಣಾಂಕ 17.4, ಗಿಡ್ಡ ಅಂಚನ್ನು ಎದುರಿಟ್ಟರೆ 8.7. ಒಂದು ಮುಖದಿಂದ ಹೋಗುವ ಶಾಖ 21 ವಾಟ್‌ನಿಂದ ಅರ್ಧಕ್ಕಿಳಿಯಿತು! (ಇದೆಲ್ಲ ಪದರದ ಹರಿವಿನ, ಅಂದರೆ ಸುಳಿಯಿಲ್ಲದೆ ನಯವಾಗಿ ಸಾಗುವ ಗಾಳಿಯ ಲೆಕ್ಕ. ರೆನಾಲ್ಡ್ಸ್ ಸಂಖ್ಯೆ 5 ಲಕ್ಷ ದಾಟಿದರೆ ಸೂತ್ರ ಬದಲಾಗುತ್ತದೆ.)

ಹೀಟ್‌ಸಿಂಕ್ (ಬಿಸಿ ಹೊರಹಾಕಲು ರೆಕ್ಕೆಗಳಂಥ ತೆಳು ತಗಡುಗಳಿರುವ ಲೋಹದ ತುಂಡು) ಕೂರಿಸುವಾಗ ರೆಕ್ಕೆಗಳ ನಡುವಿನ ಸಂದು ಗಾಳಿಯ ದಾರಿಗೆ ನೇರವಾಗಿರಲಿ. ಅಡ್ಡವಿದ್ದರೆ ಗಾಳಿ ಒಳಗೆ ನುಗ್ಗದೆ ಪಕ್ಕದಿಂದ ಸರಿದುಹೋಗುತ್ತದೆ. ಆ ಸಂದು ನೆಟ್ಟಗೂ ಇದ್ದರೆ ಒಳ್ಳೆಯದು: ಫ್ಯಾನ್ ಕೆಟ್ಟಾಗ ತನ್ನಿಂದ ತಾನೇ ಏರುವ ಗಾಳಿಯಾದರೂ ಸ್ವಲ್ಪ ಕೆಲಸ ಮಾಡುತ್ತದೆ.

ಅಳೆದು ನೋಡುವವರು ಎಡವುವುದು ವಿಕಿರಣದಲ್ಲಿ, ಅಂದರೆ ಗಾಳಿಯ ನೆರವಿಲ್ಲದೆ ಮೈ ನೇರವಾಗಿ ಹೊರಸೂಸುವ ಶಾಖದಲ್ಲಿ. ಕಪ್ಪು ಬಣ್ಣ ಬಳಿದ ಮೈ ಈ ತಾಪದಲ್ಲಿ ವಿಕಿರಣದಿಂದಲೇ 6.5ರಷ್ಟು ಗುಣಾಂಕ ಸೇರಿಸುತ್ತದೆ. ಅದನ್ನು ಕಳೆಯದಿದ್ದರೆ ದಿಕ್ಕುಗಳ ನಡುವಿನ ವ್ಯತ್ಯಾಸ ಮಸುಕಾಗಿ ಕಾಣುತ್ತದೆ. ವಿಕಿರಣ ತಗ್ಗಿಸಲು ಉಜ್ಜಿ ಹೊಳಪಿಸಿದ ಅಲ್ಯೂಮಿನಿಯಂ ಬಳಸಿ, ಹಿಂಬದಿಗೆ ಉಷ್ಣನಿರೋಧಕ ಹಾಕಿ, ಪ್ರತಿಸಲ ತಿರುಗಿಸಿದ ಮೇಲೂ ತಾಪ ಸ್ಥಿರವಾಗುವವರೆಗೆ ಕಾಯಿರಿ.