ಓದಲು ಹೊರಟವರ ದೂರದ ವಿಮಾನ ಪ್ರಯಾಣ: ಎಡವಟ್ಟಾಗುವುದು ಕೊಂಡಿಯಲ್ಲೇ

ವಿದೇಶಕ್ಕೆ ಓದಲು ಹೊರಡುವವರು ತಲೆಕೆಡಿಸಿಕೊಳ್ಳುವುದು ಹದಿನಾಲ್ಕು ಗಂಟೆ ಒಂದೇ ಸೀಟಿನಲ್ಲಿ ಕೂರುವುದು ಹೇಗೆ ಅಂತ. ಕೂರುವುದು ಹೇಗೋ ಆಗುತ್ತದೆ. ಪ್ರಯಾಣ ಕೆಡುವುದು ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ಆ ಎರಡು ಮೂರು ಗಂಟೆಯಲ್ಲಿ, ಅಂದರೆ ಕೊಂಡಿಯಲ್ಲಿ. ಅದಕ್ಕೆ ಕಾರಣ ಬಹುಪಾಲು ಟಿಕೆಟ್ ಕೊಂಡ ದಿನವೇ ಹುಟ್ಟಿರುತ್ತದೆ.

ಇಡೀ ದಾರಿ ಒಂದೇ ಟಿಕೆಟ್‌ನಲ್ಲಿದೆಯೇ ಎಂಬುದನ್ನು ಮೊದಲು ನೋಡಿ. ಏಜೆಂಟರೋ ಜಾಲತಾಣವೋ ತಮ್ಮದೇ ಒಂದು ಬುಕಿಂಗ್ ಸಂಖ್ಯೆ ಕೊಟ್ಟಿರುತ್ತಾರೆ, ಅದರೊಳಗೆ ಎರಡು ಬೇರೆ ಟಿಕೆಟ್ ಅಡಗಿ ಕೂತಿರಬಹುದು. 13 ಅಂಕಿಯ ಇ-ಟಿಕೆಟ್ ಸಂಖ್ಯೆ ಎಲ್ಲ ಹಂತಗಳಿಗೂ ಒಂದೇ ಇದ್ದರೆ ನಿಶ್ಚಿಂತೆ. ಮೊದಲ ವಿಮಾನ ತಡವಾಗಿ ಕೊಂಡಿ ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನಯಾನ ಸಂಸ್ಥೆಯದು. ಎರಡು ಟಿಕೆಟ್ ಆದರೆ ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನೀವು ಬರಲೇ ಇಲ್ಲದ ಪ್ರಯಾಣಿಕ, ಅಷ್ಟೇ. ಟಿಕೆಟ್ ಹೋಯಿತು, ಅದರಲ್ಲೇ ವಾಪಸಾತಿಯೂ ಇದ್ದರೆ ಅದೂ ಸಾಮಾನ್ಯವಾಗಿ ರದ್ದು. ಅಗ್ಗವೆಂದು ಎರಡು ಟಿಕೆಟ್ ಕೊಳ್ಳುವವರು ನಡುವೆ ಒಂದು ರಾತ್ರಿಯನ್ನೇ ಬಿಟ್ಟುಕೊಳ್ಳಲಿ. ಆಗ ಉಳಿತಾಯವೆಲ್ಲ ಹೋಟೆಲಿಗೆ ಹೋಗುತ್ತದೆ, ಅದು ಬೇರೆ ಮಾತು.

ಒಂದೇ ಟಿಕೆಟ್‌ನಲ್ಲೂ ವಿಮಾನ ನಿಲ್ದಾಣ ಬದಲಾಗಬಹುದು. ಟೋಕಿಯೋದಲ್ಲಿ ನರಿಟಾಕ್ಕೆ ಇಳಿದು ಹನೇಡಾದಿಂದ ಏರುವುದು, ಲಂಡನ್ನಿನಲ್ಲಿ ಹೀಥ್ರೂಗೆ ಇಳಿದು ಗ್ಯಾಟ್ವಿಕ್‌ನಿಂದ ಏರುವುದು, ಹೀಗೆ. ಊರಿನ ಹೆಸರು ಒಂದೇ ಇರುವುದರಿಂದ ಕಣ್ತಪ್ಪುತ್ತದೆ. ಟಿಕೆಟ್‌ನಲ್ಲಿರುವ ನಿಲ್ದಾಣದ ಮೂರಕ್ಷರದ ಕೋಡ್ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಇಂಥ ಕಡೆ ವಲಸೆ ತಪಾಸಣೆ ದಾಟಿ ಹೊರಬರಬೇಕು, ಅಂದರೆ ಆ ದೇಶದ ವೀಸಾ ಬೇಕಾಗಬಹುದು.

ವೀಸಾ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ನಿಲ್ದಾಣದೊಳಗೆ ಕೂತು ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಬೇಕು. ತಮ್ಮ ನಡುವೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿ ಇನ್ನೊಂದು ಸಿಕ್ಕು ಇದೆ. ಫ್ರಾಂಕ್‌ಫರ್ಟ್‌ನಲ್ಲಿ ಒಮ್ಮೆ, ಮ್ಯೂನಿಕ್‌ನಲ್ಲಿ ಇನ್ನೊಮ್ಮೆ ಬದಲಿಸಿ ವಲಯದ ಹೊರಗಿನ ದೇಶಕ್ಕೆ ಹೋಗುವುದಾದರೆ, ಆ ಎರಡರ ನಡುವಿನ ಹಾರಾಟ ಒಳನಾಡಿನದು. ಆಗ ನಿಲ್ದಾಣಕ್ಕಷ್ಟೇ ಸೀಮಿತವಾದ ಟ್ರಾನ್ಸಿಟ್ ವೀಸಾ ಸಾಲದು, ವಲಯದೊಳಗೆ ಕಾಲಿಡುವ ವೀಸಾ ಬೇಕು. ಹೋಗುವ ದೇಶದ ವಿದ್ಯಾರ್ಥಿ ವೀಸಾ ಕೈಯಲ್ಲಿದ್ದರೆ ಎಷ್ಟೋ ಕಡೆ ಟ್ರಾನ್ಸಿಟ್ ವೀಸಾಕ್ಕೆ ವಿನಾಯಿತಿ ಇದೆ. ಆದರೆ ಅದನ್ನು ಆಯಾ ದೇಶದ ಸರ್ಕಾರಿ ಪುಟದಲ್ಲೇ ಓದಿ ಖಚಿತಪಡಿಸಿಕೊಳ್ಳಿ, ಗೆಳೆಯರ ಗುಂಪಿನ ಮಾತು ಕೇಳಬೇಡಿ. ಚೆಕ್-ಇನ್ ಕೌಂಟರಿನವರು ಸಂಶಯ ಬಂದರೆ ಹತ್ತಿಸುವುದಿಲ್ಲ. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ದಂಡವೂ ವಾಪಸ್ ಒಯ್ಯುವ ಹೊಣೆಯೂ ಅವರ ಸಂಸ್ಥೆಯ ತಲೆಮೇಲೆ ಬೀಳುತ್ತದೆ.

ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಇರಲಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಟಿಕೆಟ್ ಯಂತ್ರಕ್ಕಂತೂ ಎರಡು ಖಾನೆ ತುಂಬಲೇಬೇಕು. ಹೇಗೆ ತುಂಬಬೇಕೆಂಬುದು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ, ಹಾಗಾಗಿ ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಇನ್ನು ತೂಕ. ಟಿಕೆಟ್‌ನಲ್ಲಿ ‘2ಪಿಸಿ’ ಅಂತಿದ್ದರೆ ಲೆಕ್ಕ ಚೀಲದ್ದು, ‘30ಕೆ’ ಅಂತಿದ್ದರೆ ಒಟ್ಟು ಕಿಲೋದ್ದು. ಚೀಲದ ಲೆಕ್ಕದಲ್ಲಿ ಸಾಮಾನ್ಯ ದರ್ಜೆಗೆ ಒಂದೊಂದು ಚೀಲ 23 ಕಿಲೋ ಇರುವುದೇ ಹೆಚ್ಚು. ಇಲ್ಲಿ ಒಂದರದ್ದನ್ನು ಇನ್ನೊಂದಕ್ಕೆ ಹೊಂದಿಸಲು ಬರುವುದಿಲ್ಲ: 26 ಮತ್ತು 20 ಕೂಡಿದರೆ 46 ಆದರೂ 26ರ ಚೀಲಕ್ಕೆ ದಂಡ ಬೀಳುತ್ತದೆ. ಒಂದೇ ಚೀಲ 32 ಕಿಲೋ ದಾಟಿದರೆ ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಎತ್ತುವವರ ಬೆನ್ನಿನ ಪ್ರಶ್ನೆ ಅದು. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು. ಚಕ್ರ, ಹಿಡಿ ಎಲ್ಲ ಸೇರಿಯೇ ಅಳೆಯುತ್ತಾರೆ. ವಿದ್ಯಾರ್ಥಿ ದರದಲ್ಲಿ ಹೆಚ್ಚುವರಿ ಚೀಲ ಕೊಡುವ ಸಂಸ್ಥೆಗಳಿವೆ. ಆದರೆ ಬುಕ್ ಮಾಡುವಾಗಲೇ ಆ ದರ ಆರಿಸಿರಬೇಕು, ಕೌಂಟರಿನಲ್ಲಿ ಪ್ರವೇಶ ಪತ್ರ ತೋರಿಸಬೇಕು.

ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್. ಬ್ಯಾಟರಿಯ ಮೇಲೆ ಬರೆದಿರುವ ಎಂಎಎಚ್ ಅಂಕಿಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ: 20,000 ಎಂಎಎಚ್ ಎಂದರೆ 74. ಮೇಲೆ ಬರೆದ ಅಂಕಿ ಅಳಿಸಿಹೋಗಿದ್ದರೆ ಕಸಿದುಕೊಳ್ಳುವುದೂ ಉಂಟು. ಮೂಲ ಅಂಕಪಟ್ಟಿ, ಪ್ರವೇಶ ಪತ್ರ, ಹಣಕಾಸಿನ ದಾಖಲೆ, ವೈದ್ಯರ ಚೀಟಿ ಸಮೇತ ಔಷಧಿ, ಒಂದು ಜೊತೆ ಬಟ್ಟೆ, ಇವೂ ಕೈಚೀಲಕ್ಕೆ. ಕೆಲವರು ಕಾಗದಪತ್ರವನ್ನು ಭದ್ರವಾಗಿರಲಿ ಎಂದು ದೊಡ್ಡ ಪೆಟ್ಟಿಗೆಯ ತಳಕ್ಕೆ ಹಾಕುತ್ತಾರೆ. ವಲಸೆ ಅಧಿಕಾರಿ ಕೇಳುವ ಹೊತ್ತಿಗೆ ಆ ಪೆಟ್ಟಿಗೆ ಇನ್ನೂ ಬೆಲ್ಟಿನ ಮೇಲೆ ಬಂದೇ ಇರುವುದಿಲ್ಲ.

ಚೆಕ್-ಇನ್ ಕೌಂಟರಿನಲ್ಲಿ ಚೀಲಕ್ಕೆ ಸುತ್ತುವ ಪಟ್ಟಿಯನ್ನು ಬೆಲ್ಟ್ ಎಳೆದುಕೊಂಡು ಹೋಗುವ ಮೊದಲು ಓದಿ. ದಪ್ಪಕ್ಷರದಲ್ಲಿ ಇರುವ ಕೋಡ್ ನಿಮ್ಮ ಕೊನೆಯ ನಿಲ್ದಾಣದ್ದೇ ಆಗಿರಬೇಕು. ನಡುವಿನ ನಿಲ್ದಾಣದ್ದು ಇದ್ದರೆ ಚೀಲ ಅಲ್ಲೇ ಇಳಿಯುತ್ತದೆ. ಬಾರ್‌ಕೋಡ್ ಕೆಳಗೆ 10 ಅಂಕಿ ಇರುತ್ತದೆ, ಎರಡರಿಂದ ನಾಲ್ಕನೆಯ ಅಂಕಿ ವಿಮಾನಯಾನ ಸಂಸ್ಥೆಯ ಗುರುತು, ಕೊನೆಯ ಆರು ನಿಮ್ಮ ಚೀಲದ್ದು. ಅದರ ಚೂರನ್ನು ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಡುತ್ತಾರೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಚೀಲ ಕಳೆದರೆ ಹುಡುಕುವುದು ಆ ಸಂಖ್ಯೆಯಿಂದಲೇ. ಹಳೆಯ ಪ್ರಯಾಣದ ಪಟ್ಟಿಗಳನ್ನು ಮರೆಯದೆ ಕಿತ್ತುಹಾಕಿ, ಯಂತ್ರ ಅದನ್ನೂ ಓದಿ ಗಲಿಬಿಲಿ ಮಾಡಿಕೊಳ್ಳುತ್ತದೆ.

ಅಮೆರಿಕಕ್ಕೆ ಹೋಗುವವರಿಗೆ ಇದರಲ್ಲೊಂದು ವಿಶೇಷ. ಪಟ್ಟಿಯಲ್ಲಿ ಕೊನೆಯ ಊರಿನ ಕೋಡ್ ಇದ್ದರೂ, ದೇಶದೊಳಗೆ ಇಳಿಯುವ ಮೊದಲ ನಿಲ್ದಾಣದಲ್ಲೇ ಸಾಮಾನ್ಯವಾಗಿ ಚೀಲ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಿ, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲಬೇಕು. ಡ್ಯೂಟಿ ಫ್ರೀಯಲ್ಲಿ ಕೊಂಡ ಸುಗಂಧದ ಬಾಟಲಿಯನ್ನು ಆಗಲೇ ದೊಡ್ಡ ಚೀಲಕ್ಕೆ ಸೇರಿಸಿಬಿಡಿ. ಇಲ್ಲಿ ಎರಡು ಗಂಟೆಯ ಕೊಂಡಿ ಸಾಲದು, ನಾಲ್ಕು ಇದ್ದರೆ ಒಳ್ಳೆಯದು. ಸೆಮಿಸ್ಟರ್ ಶುರುವಾಗುವ ವಾರಗಳಲ್ಲಂತೂ ವಲಸೆ ಸಾಲು ಹನುಮಂತನ ಬಾಲ. ಅಬುಧಾಬಿ, ಡಬ್ಲಿನ್‌ಗಳಲ್ಲಿ ವಿಮಾನ ಹತ್ತುವ ಮೊದಲೇ ಅಮೆರಿಕದ ವಲಸೆ ತಪಾಸಣೆ ಮುಗಿಯುವುದರಿಂದ, ಅಲ್ಲಿಯ ಕೊಂಡಿಗೆ ಆ ಸಮಯ ಸೇರಿಸಿಕೊಳ್ಳಬೇಕು. ಹೊಸದಾಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರನ್ನು, ಕಾಲೇಜು ಕೊಡುವ ಐ-20 ಪತ್ರದಲ್ಲಿರುವ ಆರಂಭ ದಿನಾಂಕಕ್ಕೆ 30 ದಿನಕ್ಕಿಂತ ಮೊದಲು ಒಳಗೆ ಬಿಡುವುದಿಲ್ಲ, ಟಿಕೆಟ್ ಅಗ್ಗವೆಂದು ಅದಕ್ಕಿಂತ ಮುಂಚೆ ಹೊರಡಬೇಡಿ. ಕೆನಡಾದಲ್ಲಿ ಪಾಸ್‌ಪೋರ್ಟ್‌ಗೆ ಅಂಟಿಸಿದ ವೀಸಾ ಓದಿನ ಪರವಾನಗಿಯಲ್ಲ. ಪರವಾನಗಿ ಮಂಜೂರಾದಾಗ ಕಳಿಸುವ ಪರಿಚಯ ಪತ್ರ ತೋರಿಸಿದ ಮೇಲೆ ಗಡಿ ಅಧಿಕಾರಿ ಅದನ್ನು ಮುದ್ರಿಸಿ ಕೊಡುತ್ತಾರೆ. ಹೆಸರು, ಅವಧಿ, ಕೆಲಸದ ಷರತ್ತು ಸರಿಯಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ಓದಿ, ಆಮೇಲೆ ತಿದ್ದಿಸುವುದು ದೊಡ್ಡ ರಗಳೆ.

ಹಾರಾಟದ ಬಗ್ಗೆ ಹೇಳುವುದು ಕಡಿಮೆ. ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ತೇವಾಂಶ ಬಹಳ ಕಡಿಮೆ. ಗಂಟಲು ಒಣಗುವುದು ಅದಕ್ಕೇ. ನಾಲ್ಕು ಗಂಟೆ ಮೀರಿ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಆಗಾಗ ಎದ್ದು ನಡೆಯಿರಿ. ನೆಗಡಿ ಇದ್ದವರು ವಿಮಾನ ಇಳಿಯತೊಡಗಿದಾಗ ನಿದ್ದೆ ಮಾಡಬಾರದು, ಎಚ್ಚರವಿದ್ದು ಉಗುಳು ನುಂಗುತ್ತಿದ್ದರೆ ಕಿವಿನೋವು ಕಡಿಮೆ. ಪೂರ್ವ ದಿಕ್ಕಿಗೆ ಹೋದವರಿಗೆ ನಿದ್ದೆಯ ಏರುಪೇರು ಹೆಚ್ಚು ಕಾಡುತ್ತದೆ, ಮೈಯ ಗಡಿಯಾರಕ್ಕೆ ದಿನವನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ.

ಬೆಲ್ಟ್ ನಿಂತರೂ ಚೀಲ ಬರಲಿಲ್ಲವೆಂದರೆ ಆ ಕೋಣೆಯಿಂದ ಹೊರಬೀಳುವ ಮೊದಲೇ ದೂರು ದಾಖಲಿಸಿ, ಆ ದೂರಿನ ಪಿಐಆರ್ ಸಂಖ್ಯೆ ಪಡೆಯಿರಿ. ಉಳಿಯುವ ವಿಳಾಸ, ಅಲ್ಲಿ ನಡೆಯುವ ಫೋನ್ ಸಂಖ್ಯೆ ಕೊಡಿ. ಹಳೆಯ ಸಿಮ್ ಅಷ್ಟು ಹೊತ್ತಿಗೆ ಸತ್ತಿರಬಹುದು. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೀಲ ಮುರಿದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದದ್ದೆಂದೇ ಲೆಕ್ಕ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಈ ಮಿತಿ ತಲೆಗೆ ಇಷ್ಟು ಎಂಬ ಲೆಕ್ಕ, ಚೀಲಕ್ಕೆ ಇಷ್ಟು ಎಂದಲ್ಲ. ಚೀಲ ಸಿಗುವವರೆಗೆ ಕೊಂಡ ಬಟ್ಟೆ, ಸೋಪು, ಚಾರ್ಜರ್ ಎಲ್ಲದರ ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದ್ದನ್ನು ಒಪ್ಪಿಸುವುದು ಕಷ್ಟ.